ಜಟಕನ ಬುಧವಾರ

ನಮ್ಮ ಮನೆಗೆ ಬೆಳಗು ಇರಲಿಲ್ಲ. ಕತ್ತಲೆ ಇರುತ್ತಿತ್ತು, ಆಮೇಲೆ ಒಮ್ಮೆಲೇ ಬಿಸಿಲು. ನಡುವಿನದನ್ನು ಮಲ್ಲಿಗೆ ತಿಂದುಬಿಡುತ್ತಿತ್ತು. ಭಟ್ಕಳ ಪೇಟೆಯಿಂದ ಹೊನ್ನಾವರದ ಕಡೆ ಬರುವ ಹೆದ್ದಾರಿ ಬಿಟ್ಟು ಸಮುದ್ರದತ್ತ ಇಳಿಯುವ ಮರಳು ದಾರಿಯ ಕೊನೆಗೆ ನಮ್ಮ ಮನೆ. ಅಂಗಳ ಎಂದು ಕರೆಯುತ್ತಿದ್ದೆವಾದರೂ ಬಟ್ಟೆ ಒಣಗಿಸಲೂ ಅಲ್ಲಿ ಜಾಗವಿರಲಿಲ್ಲ. ಜಗಲಿಯ ಮೆಟ್ಟಿಲಿನಿಂದ ಬಾವಿಕಟ್ಟೆಯವರೆಗೆ ಮಲ್ಲಿಗೆ ಗಿಡಗಳೇ. ಬಿಸಿಲು ತಾಗುವ ಮೊದಲು ಮೊಗ್ಗು ಕೊಯ್ಯಬೇಕು, ಬಾಡುವ ಮೊದಲು ಕಟ್ಟಬೇಕು, ಪೇಟೆಯಿಂದ ಹೂವಿನ ಸಾಹೇಬರು ಸ್ಕೂಟರಿನಲ್ಲಿ ರಸ್ತೆಗೆ ಬರುವ ಮೊದಲು ಬಾಳೆಲೆಯಲ್ಲಿ ಸುತ್ತಿ ಮುಟ್ಟಿಸಬೇಕು. ತೊಟ್ಟಿಲಲ್ಲಿದ್ದ ತಮ್ಮನೊಬ್ಬನನ್ನು ಬಿಟ್ಟು ಅಪ್ಪ, ಅಬ್ಬೆ, ಅಜ್ಜಿ, ಅಕ್ಕ, ನಾನು ಎಲ್ಲರ ಬೆರಳೂ ಬೇಕಿತ್ತು. ಜಗಲಿಯ ತುಂಬ ಒದ್ದೆ ಬಾಳೆನಾರು. ನಾರು ಒಣಗಿದರೆ ಮೊಗ್ಗಿನ ಕುತ್ತಿಗೆ ಕೊಯ್ದುಬಿಡುತ್ತದೆ. ಹೂ ಹೋಗುವವರೆಗೆ ಒಲೆ ಹೊತ್ತುತ್ತಿರಲಿಲ್ಲ. ಮಕ್ಕಳು ನಿನ್ನೆಯ ಗಂಜಿಯನ್ನು ನಿನ್ನೆಯ ಬಂಗಡೆ ಸಾರಿನ ಜೊತೆ ತಣ್ಣಗೆ ಉಂಡು ಶಾಲೆಗೆ ಓಡಬೇಕು. ಭಟ್ಕಳದ ಎಷ್ಟೋ ಮದುವಣಗಿತ್ತಿಯರ ಜಡೆಗೆ ಮಾಲೆ ಕಟ್ಟಿದ ಅಬ್ಬೆಯ ಬೆರಳುಗಳು ನನ್ನ ತಲೆಯವರೆಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ಒಂದು ರಬ್ಬರ್ ಬ್ಯಾಂಡ್ ಹಾಕಿ, ಬೆನ್ನಿಗೆ ತಟ್ಟಿ ಕಳಿಸುತ್ತಿದ್ದಳು.

ಇಷ್ಟು ಬರೆದು ಓದಿದಾಗ ಇದರಲ್ಲೊಂದು ಸುಳ್ಳಿದೆ ಎನಿಸುತ್ತದೆ. ಮಳೆಗಾಲದಲ್ಲಿ ಗಿಡಗಳು ಹೂ ಬಿಡುತ್ತಿರಲಿಲ್ಲ. ಹಾಗಾದರೆ ತಿಂಗಳುಗಟ್ಟಲೆ ನಮಗೆ ಬೆಳಗು ಇದ್ದಿರಲೇಬೇಕು, ಅಬ್ಬೆಯ ಬೆರಳುಗಳಿಗೆ ಬಿಡುವು ಇದ್ದಿರಲೇಬೇಕು. ಆ ಬೆಳಗುಗಳು ನನ್ನ ನೆನಪಿನಲ್ಲಿ ಯಾಕಿಲ್ಲ? ಆಗ ಸೋಗೆ ಹೊದೆಸಿದ ಮಾಡು ಸೋರುತ್ತಿತ್ತು, ತೊಟ್ಟಿಲನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತಿದ್ದೆವು, ಅಪ್ಪ ಸಣ್ಣ ಮಾತಿಗೂ ಸಿಡುಕುತ್ತಿದ್ದ. ಸಮಯವೇನೋ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ, ಆದ್ದರಿಂದ ಯಾರಿಗೂ ಅದು ಬೇಕಿರಲಿಲ್ಲ. ನಾನು ಹೇಳಹೊರಟದ್ದು ಕೇಳಿ ಪಡೆದ ಸಮಯದ ಸಂಗತಿ. ಅದಕ್ಕೆ ನಮ್ಮ ಮನೆಯಲ್ಲಿ ಬುಧವಾರ ಎಂದು ಹೆಸರು.

ಮೊದಲ ಬುಧವಾರ ಯಾವುದು ಎಂದು ನನಗೆ ತಿಳಿಯದು. ಊಟಕ್ಕೆ ಕೂತಾಗ ಅಬ್ಬೆ ಹೇಳಿದ್ದು ಮಾತ್ರ ನೆನಪಿದೆ. ಅವಳು ಅಪ್ಪನ ಎಲೆಗೆ ಸಾರು ಬಡಿಸುತ್ತಿದ್ದಳು, ಮುಖ ಎತ್ತಲಿಲ್ಲ.

"ಹಿತ್ತಲ ಜಟಕನಿಗೆ ಹೇಳ್ಕಂಡೀನೆ. ಬುಧವಾರದ ಹೂ ಕೊಯ್ಯೂಕಿಲ್ಲ. ಗಿಡದಲ್ಲೇ ಇರ್ಲಿ."

ಹಿತ್ತಲ ಸುರಗಿ ಮರದ ಬುಡದಲ್ಲಿದ್ದ ಕಲ್ಲು ನಮ್ಮ ಜಟಕ. ಜಾಗ ಕಾಯುವ ದೈವ; ಸಿಟ್ಟಿನವನು. ಅವನಿಗೆ ಕೊಟ್ಟ ಮಾತು ತಪ್ಪಿದರೆ ಕೊಟ್ಟಿಗೆಯ ಕರುವಿಗೂ ಹುಷಾರು ತಪ್ಪುತ್ತದೆ ಎಂದು ಎಲ್ಲರೂ ನಂಬಿದ್ದೆವು. ಅಪ್ಪನ ಕೈ ಎಲೆಯ ಮೇಲೆ ನಿಂತಿತು.

"ಎಂತಕ್ಕೆ ಹೇಳ್ಕಂಡದ್ದು?"

"ಹರಕೆಯ ಕಾರಣ ಬಾಯಿ ಬಿಟ್ಟು ಹೇಳೂಕಾಗ."

"ಯಾವಾಗ ಹೇಳ್ಕಂಡ್ಯೆ ಮಾರಾಯ್ತಿ?" ಎಂದಳು ಮೂಲೆಯಿಂದ ಅಜ್ಜಿ. ಅಜ್ಜಿ ಅಪ್ಪನ ತಾಯಿ. ಹಲ್ಲಿಲ್ಲದಿದ್ದರೂ ಕಚ್ಚುವಂತೆ ಮಾತಾಡುತ್ತಿದ್ದಳು. "ಜಟಕನಿಗಾದ್ರೂ ತಿಳಿಸ್ಯಾ, ಇಲ್ಲ ಅವಂಗೂ ಇವತ್ತೇ ಗುತ್ತಾಗೂದಾ?"

ಅಬ್ಬೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ನಮ್ಮತ್ತ ತಿರುಗಿ, ಮೊಗ್ಗು ಕೊಯ್ಯದೆ ಬಿಟ್ಟರೆ ಗಿಡಕ್ಕೆ ಸೋಮಾರಿತನ ಬರುತ್ತದೆ, ಗಿಡದಿಂದ ಸೊಸೆಗೂ ಅಂಟುತ್ತದೆ ಎಂದಳು. ಆದರೆ ಹರಕೆ ಹರಕೆಯೇ. ಆ ಬುಧವಾರ ಯಾರೂ ಕೊಯ್ಯಲಿಲ್ಲ.

ಬುಧವಾರ ಹೇಗಿತ್ತು ಎಂದು ಬರೆಯುವುದು ಕಷ್ಟ, ಏಕೆಂದರೆ ಅಂದು ಏನೂ ಆಗುತ್ತಿರಲಿಲ್ಲ. ಎದ್ದಾಗ ಒಲೆ ಉರಿಯುತ್ತಿರುತ್ತಿತ್ತು. ಅದೇ ಒಂದು ಹಬ್ಬ. ಅಕ್ಕ ಮತ್ತು ನಾನು ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಕೊಟ್ಟೆ ಮಾಡುತ್ತಿದ್ದೆವು. ಅಬ್ಬೆ ಅದರಲ್ಲಿ ಹಿಟ್ಟು ಹೊಯ್ದು ಕಡುಬು ಬೇಯಲಿಡುತ್ತಿದ್ದಳು. ಬೇಯುವವರೆಗೆ ಕಾಯುವುದು ಎಂಬುದೊಂದು ಕೆಲಸ ಇದೆ ಎಂದು ನನಗೆ ತಿಳಿದದ್ದೇ ಆಗ. ಆವಿಯಲ್ಲಿ ಬೆಂದ ಹಲಸಿನೆಲೆಯ ವಾಸನೆ ಅಡುಗೆಮನೆಯಿಂದ ಜಗಲಿಗೆ ಬಂದು, ಜಗಲಿಯಿಂದ ಹೊರಗೆ ಹೋಗಲು ಮನಸ್ಸಿಲ್ಲದೆ ಅಲ್ಲೇ ಸುತ್ತುತ್ತಿತ್ತು. ಉಂಡಾದ ಮೇಲೆ ಅಬ್ಬೆ ಮೆಟ್ಟಿಲಿನ ಮೇಲೆ ಕೂತು ನನ್ನನ್ನು ಮೊಣಕಾಲುಗಳ ನಡುವೆ ಎಳೆದುಕೊಳ್ಳುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೇನು ನೋಡಿ, ಬೈತಲೆ ತೆಗೆದು, ಹೆಣೆಯುತ್ತ ಹಾಡುತ್ತಿದ್ದಳು. ನೀರಿಗೆ ಹೋಗುವ ಹುಡುಗಿಯೊಬ್ಬಳ ಉದ್ದದ ಹಾಡು ಅದು. ದಾರಿಯಲ್ಲಿ ಕಂಡವರೆಲ್ಲ ಅವಳನ್ನು ತಡೆದು ಮಾತಾಡಿಸುತ್ತಾರೆ. ಹುಡುಗಿ ಬಾವಿ ಮುಟ್ಟುವ ಮೊದಲೇ ನನ್ನ ಜಡೆ ಮುಗಿಯುತ್ತಿತ್ತು. ಅಬ್ಬೆ ಅದನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯುತ್ತಿದ್ದಳು, ಹಾಡು ಮುಗಿಯಬೇಕಲ್ಲ ಎಂದು. ಸಂಜೆಗೆ ಗಿಡದ ಮೊಗ್ಗೆಲ್ಲ ಒಡೆದು ಅಂಗಳ ಬೆಳ್ಳಗಾಗುತ್ತಿತ್ತು. ಉಳಿದ ದಿನ ನಾವು ಮಲ್ಲಿಗೆ ಅರಳಿದ್ದನ್ನೇ ನೋಡಿರಲಿಲ್ಲ. ಅದು ಬೇರೆಯವರ ತಲೆಯ ಮೇಲೆ, ಬೇರೆಯವರ ಮನೆಯಲ್ಲಿ ಅರಳುತ್ತಿತ್ತು. ಅಬ್ಬೆ ಒಂದು ಹೂವನ್ನೂ ಮುಡಿಯುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದಳು. ಅಪ್ಪ ಹಲ್ಲುನೋವು ಬಂದವನಂತೆ ಗಿಡಗಳ ನಡುವೆ ಅಡ್ಡಾಡುತ್ತಿದ್ದ.

"ಹೀಂಗೆ ಸುಮ್ನೆ ಕೂತ್ರೆ ಎಂತ ಸಿಕ್ತದೆ?"

"ಕೂತದ್ದು ಸಿಕ್ತದೆ," ಎಂದಳು ಅಬ್ಬೆ.

ಮಾರನೆಯ ದಿನ ಉದುರಿದ ಹೂಗಳು ಕಂದುಬಣ್ಣಕ್ಕೆ ತಿರುಗಿ ಮರಳಿನ ಮೇಲೆ ಬಿದ್ದಿರುತ್ತಿದ್ದವು. ಅಪ್ಪ ಅವನ್ನು ಗುಡಿಸಿ ಗಿಡದ ಬುಡಕ್ಕೆ ಹಾಕುವಾಗ ಪೊರಕೆ ಬೇಕೆಂದೇ ಗಟ್ಟಿಯಾಗಿ ಸದ್ದು ಮಾಡುತ್ತಿತ್ತು.

ಅಪ್ಪನನ್ನು ಆಸೆಬುರುಕ ಎಂದು ತೋರಿಸಿದರೆ ಈ ಅಧ್ಯಾಯ ಸಲೀಸಾಗಿ ಮುಂದೆ ಹೋಗುತ್ತದೆ. ಅವನು ಹಾಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಮಾಡಿಗೆ ಹಂಚು. ಸೋಗೆ ಮಾಡು ವರ್ಷವೂ ಸೋರುತ್ತಿತ್ತು, ಹೋದ ಮಳೆಗಾಲ ತಮ್ಮ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ್ದ. ಹಾಗಿರುವಾಗ ಒಂದು ಬೇಸಿಗೆಯಲ್ಲಿ ಹೂವಿನ ಸಾಹೇಬರು ರಸ್ತೆಯಲ್ಲಿ ನಿಲ್ಲದೆ ಮರಳು ದಾರಿಯಲ್ಲಿ ಸ್ಕೂಟರ್ ತಳ್ಳಿಕೊಂಡು ನಮ್ಮ ಅಂಗಳದವರೆಗೆ ಬಂದರು. ಅವರು ನವಾಯತರು, ಬಿಳಿ ಗಡ್ಡದವರು. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, ಅಪ್ಪ ಹಾಸಿದ ಚಾಪೆಯ ತುದಿಯಲ್ಲಿ ಕೂತರು.

"ದೊಡ್ಡ ಮನೆ ಲಗ್ನ. ಬುಧವಾರ ಇಟ್ಟಿದ್ದಾರೆ. ನಿಮ್ಮ ಅಂಗಳದ ಹೂವೇ ಬೇಕು ಅಂತಾರೆ. ಚೆನ್ನಾಗಿ ಕೊಟ್ರೆ ಮುಂದೆ ಬುಧವಾರ ಬುಧವಾರ ನಾನೇ ಬಂದು ತಗೊಂಡು ಹೋಗ್ತೇನೆ. ಇಡೀ ಬೇಸಿಗೆ."

ಅಪ್ಪ ಅಬ್ಬೆಯ ಕಡೆ ನೋಡಿದ. ಹಂಚಿನ ಮಾಡು ಅವನ ಕಣ್ಣಿನಲ್ಲಿ ಕಾಣುತ್ತಿತ್ತು.

"ಬುಧವಾರ ನಮ್ಮನೇಲಿ ಹೂ ಇಲ್ಲ ಸಾಹೇಬ್ರೆ," ಎಂದಳು ಅಬ್ಬೆ.

"ಗೊತ್ತುಂಟಮ್ಮ. ಆದ್ರೆ ಲಗ್ನದ ದಿವಸ ಇಟ್ಟದ್ದು ಹುಡುಗನ ಅಪ್ಪ. ಅವರಿಗೆ ನಿಮ್ಮ ಜಟಕನ ಪರಿಚಯ ಇಲ್ಲ."

ಅಜ್ಜಿ ಮೂಲೆಯಲ್ಲಿ ನಕ್ಕಳು. ಸಾಹೇಬರು ನಗಲಿಲ್ಲ. ಎದ್ದು ಟೊಪ್ಪಿಗೆ ಹಾಕಿಕೊಂಡು ಹೇಳಿದರು:

"ಹರಕೆ ಬಿಡಿಸಿಕೊಂಡು ಕೊಟ್ರೆ ತಗೋತೇನೆ. ಬಿಡಿಸದೆ ಕೊಟ್ರೆ ಬೇಡ. ಮದುಮಗಳ ತಲೆ ಮೇಲೆ ಇನ್ನೊಬ್ಬರ ದೈವದ ಸಿಟ್ಟು ಕೂರಿಸೂಕಾಗುದಿಲ್ಲ."

ಅವರು ಹೋದ ಮೇಲೆ ಜಗಳವಾಯಿತು. ಅಪ್ಪ ಅಬ್ಬೆಗೆ ಎಂದೂ ಕೈ ಎತ್ತಿದವನಲ್ಲ, ದನಿಯನ್ನೂ ಎತ್ತುತ್ತಿರಲಿಲ್ಲ. ಅಂದು ದನಿ ಎತ್ತಿದ.

"ಮಳೆಗಾಲದಲ್ಲಿ ತೊಟ್ಟಿಲ ಮೇಲೆ ನೀರು ಬೀಳ್ತದೆ. ಆಗ ನಿನ್ನ ಜಟಕ ಬಂದು ಕೊಡೆ ಹಿಡಿತ್ನ?"

"ಹಂಚು ಬೇಡ ಅಂದ್ನಾ ನಾನು? ಉಳಿದ ದಿವಸ ಬೇಕಾದ್ರೆ ಇನ್ನೂ ಬೇಗ ಏಳ್ತೆ. ಬುಧವಾರ ಒಂದು ಕೇಳ್ಬೇಡಿ."

"ಎಂತ ಅದೆ ಆ ಬುಧವಾರದಲ್ಲಿ?"

ಅಬ್ಬೆ ಕೈಯಲ್ಲಿದ್ದ ನಾರನ್ನು ಉಗುರಿನಿಂದ ಸೀಳುತ್ತಲೇ ಇದ್ದಳು, ಕಟ್ಟಲಾರದಷ್ಟು ಸಣ್ಣಗಾಗುವವರೆಗೆ. ದಾರಿ ತೋರಿಸಿದ್ದು ಅಜ್ಜಿ. ಹರಕೆಯನ್ನು ಮನುಷ್ಯರು ಬಿಡಿಸಲಾರರು, ಯಾರಿಗೆ ಹೇಳಿಕೊಂಡದ್ದೋ ಆ ದೈವವನ್ನೇ ಕೇಳಬೇಕು. ಪಾತ್ರಿಯನ್ನು ಕರೆಸಿ ಜಟಕನನ್ನು ಮೈಮೇಲೆ ಬರಿಸಿ, ಬುಧವಾರದ ಬದಲಿಗೆ ಒಂದು ಕೋಳಿ ತೆಗೆದುಕೋ ಎಂದು ಬೇಡಿದರೆ ಆತು ಎಂದಳು. ಎಲ್ಲ ಮನೆಗಳಲ್ಲೂ ಹಾಗೆ ನಡೆಯುತ್ತಿತ್ತು. ಕೋಳಿಗೆ ಒಪ್ಪದ ದೈವವನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಪಾತ್ರಿ ಉಳಿದ ದಿನಗಳಲ್ಲಿ ಗಾರೆ ಕೆಲಸದವನು. ನಮ್ಮ ಬಾವಿಕಟ್ಟೆ ಕಟ್ಟಿದ್ದು ಅವನೇ. ಮಧ್ಯಾಹ್ನ ಬಂದ. ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಅಡಿಕೆಯ ಹೂಗೊಂಚಲಾದ ಹಿಂಗಾರ ಹಿಡಿದು ಸುರಗಿ ಮರದ ಕೆಳಗೆ ನಿಂತ. ನಾನು ಅಬ್ಬೆಗೆ ಒರಗಿ ನಿಂತಿದ್ದೆ, ಅವಳ ಬೆರಳುಗಳು ನನ್ನ ಕೂದಲಲ್ಲಿದ್ದವು. ಅವು ತಣ್ಣಗಿದ್ದವು. ಅಬ್ಬೆ ಹೆದರಿದ್ದಳು. ಹೇಳಿಕೊಳ್ಳದ ಹರಕೆಯನ್ನು ಬಿಡಿಸಿಕೊಡು ಎಂದು ಕೇಳಿದರೆ, ಯಾವ ಹರಕೆ ಎಂದು ದೈವ ಎಲ್ಲರ ಮುಂದೆ ಕೇಳಿಬಿಡಬಹುದು. ಇದು ಆಗ ನನಗೆ ತಿಳಿದಿರಲಿಲ್ಲ. ಬಹಳ ಕಾಲದ ಮೇಲೆ ತಿಳಿದದ್ದನ್ನು ತಂದು ಆಗಿನ ಆ ಬೆರಳುಗಳಿಗೆ ಹಚ್ಚುತ್ತಿದ್ದೇನೆ. ಬೆರಳು ತಣ್ಣಗಿದ್ದದ್ದು ಮಾತ್ರ ನಿಜ. ಪಾತ್ರಿಯ ಮೈ ನಡುಗಿತು, ಹಿಂಗಾರ ಅವನ ಮುಖದ ಮುಂದೆ ಅಲುಗಾಡಿತು. ಅಪ್ಪ ಕೈಮುಗಿದು, ತೊಟ್ಟಿಲು, ಮಳೆ, ಹಂಚು ಎಲ್ಲವನ್ನೂ ಹೇಳಿ, ಬುಧವಾರ ಬಿಟ್ಟುಕೊಡು, ಹುಂಜವನ್ನೇ ಕೊಡುತ್ತೇನೆ ಎಂದ. ಕೊಟ್ಟಿಗೆಯಲ್ಲಿ ಕರು ಒಮ್ಮೆ ಕೂಗಿತು. ಆಮೇಲೆ ಪಾತ್ರಿಯ ಬಾಯಿಂದ, ಅವನದಲ್ಲದ ದನಿಯಲ್ಲಿ, ಮಾತು ಬಂತು.

"ಕೋಳಿ ಎಲ್ಲರ ಮನೇಲೂ ಕೊಡ್ತ್ರು. ಬುಧವಾರ ಯಾರೂ ಕೊಡೂದಿಲ್ಲ. ಅದು ನಂಗಿರ್ಲಿ."

ಅಬ್ಬೆಯ ಬೆರಳುಗಳು ನನ್ನ ಕೂದಲನ್ನು ಎಷ್ಟು ಗಟ್ಟಿಯಾಗಿ ಹಿಡಿದವೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಪಾತ್ರಿ ಎಚ್ಚರಗೊಂಡು ನೀರು ಕುಡಿದು, ಬಾವಿಕಟ್ಟೆಯಲ್ಲಿ ಬಿದ್ದಿದ್ದ ಬಿರುಕೊಂದನ್ನು ನೋಡಿ, ಮುಂದಿನ ವಾರ ಬಂದು ಮೆತ್ತಿಕೊಡುತ್ತೇನೆ ಎಂದು ಹೇಳಿ ಹೋದ. ಅಪ್ಪ ಕೋಳಿಗೂಡಿನ ಬಾಗಿಲನ್ನು ಮತ್ತೆ ಹಾಕಿದ. ಅಜ್ಜಿ ಅಬ್ಬೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಂತೂ ನೀನೂ ಜಟಕನೂ ಒಂದಾದ್ರಿ," ಎಂದಳು.

ಹೊನ್ನಾವರದಲ್ಲಿರುವ ಅಕ್ಕನಿಗೆ ಮೊನ್ನೆ ಫೋನ್ ಮಾಡಿ ಈ ಭಾಗ ಓದಿ ಹೇಳಿದೆ. ಜಟಕ ಅಷ್ಟೆಲ್ಲ ಮಾತಾಡಲೇ ಇಲ್ಲ ಎಂದಳು ಅವಳು. ಹಿಂಗಾರ ಅಲ್ಲಾಡಿಸಿ 'ಬೇಡ' ಎಂದನಂತೆ, ಅಷ್ಟೇ. "ಉಳಿದದ್ದು ನೀನೇ ಕಟ್ಟಿದ್ದು. ನೀ ಹೂ ಕಟ್ಟೂಕೆ ಕಲೀಲಿಲ್ಲ, ಇದನ್ನ ಕಲ್ತೆ." ಇರಬಹುದು. ನಾನು ಎರಡನ್ನೂ ಇಲ್ಲಿ ಇಟ್ಟಿದ್ದೇನೆ. ಆದರೆ 'ಬೇಡ' ಎಂಬ ಒಂದು ಮಾತಿಗೆ ಅಪ್ಪ ಆಮೇಲೆ ಬದಲಾದಂತೆ ಬದಲಾಗುತ್ತಿದ್ದನೇ? ಆ ಮಳೆಗಾಲವೂ ಮಾಡು ಸೋರಿತು, ನಾವು ತೊಟ್ಟಿಲು ಸರಿಸಿದೆವು. ಹಂಚು ಬಂದದ್ದು ತಮ್ಮ ತೊಟ್ಟಿಲು ಬಿಟ್ಟ ಮೇಲೆ. ಆದರೆ ಅಪ್ಪ ಬುಧವಾರ ಅಡ್ಡಾಡುವುದನ್ನು ಬಿಟ್ಟ. ಮೊದಲು ಜಗಲಿಯ ಕಂಬಕ್ಕೆ ಒರಗಿ ಬೇಸರದಿಂದ ಕೂರುತ್ತಿದ್ದವನು, ಆಮೇಲೆ ನಮ್ಮ ಜೊತೆ ಕೊಟ್ಟೆ ಮಾಡಲು ಬಂದ. ಅವನ ಕೊಟ್ಟೆಗಳಿಂದ ಹಿಟ್ಟು ಸೋರುತ್ತಿತ್ತು. ಅಬ್ಬೆ ಹಾಡುವಾಗ, ಹುಡುಗಿ ಬಾವಿಯ ಹತ್ತಿರ ಬಂದಳೆಂದು ತಿಳಿದ ಕೂಡಲೇ, "ಇನ್ನೊಬ್ರ್ಯಾರನ್ನಾದ್ರೂ ದಾರಿಯಲ್ಲಿ ಸಿಗ್ಸು," ಎನ್ನುತ್ತಿದ್ದ.

ನಾನು ಬೆಳೆದು ಕುಮಟೆಯಲ್ಲಿ ನೌಕರಿಗೆ ಸೇರಿದೆ. ಮೇಲಿನ ಹುದ್ದೆಗೆ ದೂರದೂರಿಗೆ ಹೋಗಬೇಕೆಂದಾಗ ಬೇಡ ಎಂದು ಬರೆದುಕೊಟ್ಟೆ. ಮತ್ತೊಮ್ಮೆ ಕೇಳಿದಾಗ ಮತ್ತೊಮ್ಮೆ ಬರೆದುಕೊಟ್ಟೆ. ಜೊತೆಯವರು ನನ್ನನ್ನು ಕೈಲಾಗದವಳು ಎಂದುಕೊಂಡರು. ಸಣ್ಣ ಬಾಡಿಗೆ ಮನೆ, ಸಂಜೆ ಬೇಗ ಬಂದು ಬಾಗಿಲಲ್ಲಿ ಕೂರುವುದು, ಬರೆಯುವುದು, ಬರೆಯದೆ ಇರುವುದು. ಅಬ್ಬೆ ಮುದುಕಿಯಾದ ಮೇಲೆ ಆ ಮನೆಗೆ ಬಂದು ಕೆಲವು ಕಾಲ ಇದ್ದಳು. ಒಂದು ಸಂಜೆ ಕೇಳಿದೆ.

"ಅಬ್ಬೆ, ನಿಜಕ್ಕೂ ಹರಕೆ ಹೇಳ್ಕಂಡಿದ್ಯಾ?"

"ಮೊದ್ಲು ಇಲ್ಲ. ಪಾತ್ರಿ ಹೇಳಿದ್ ಮೇಲೆ ಹೋಗಿ ಹೇಳ್ಕಂಡೆ. ಜಟಕ ನನ್ನ ಮರ್ಯಾದೆ ಉಳಿಸ್ದ, ನಾ ಅವನದ್ದು ಉಳಿಸ್ಬೇಕಲ್ದ?"

"ಎಂತಕ್ಕೆ ಹೇಳ್ಕಂಡದ್ದು?"

"ನಿನ್ನ ತಲೆ ಬಾಚೂಕೆ," ಎಂದಳು, ಇದೂ ಒಂದು ಕೇಳುವ ಮಾತೇ ಎಂಬಂತೆ.

ಅಬ್ಬೆ ಈಗಿಲ್ಲ. ಮಲ್ಲಿಗೆ ಇದೆ. ತಮ್ಮನ ಮನೆ ಈಗ ಆರ್‌ಸಿಸಿಯದು. ಅಂಗಳದ ಗಿಡಗಳನ್ನು ನೋಡಿಕೊಳ್ಳುವುದು ಅವನ ಸೊಸೆ ಪೂರ್ಣಿಮಾ. ಸಾಹೇಬರ ಮೊಮ್ಮಗ ಫೋನಿನಲ್ಲೇ ದರ ಹೇಳುತ್ತಾನೆ. ಬುಧವಾರ ಅವನ ಫೋನ್ ಬರುವುದಿಲ್ಲ, ಏಕೆಂದರೆ ಬುಧವಾರ ನಮ್ಮ ಮನೆಯ ಹೂ ಇಂದಿಗೂ ಕೊಯ್ಯುವುದಿಲ್ಲ. ಇದನ್ನು ಕೇಳಿದವರು ಸಂತೋಷಪಡುತ್ತಾರೆ. ನಾನೂ ಪಟ್ಟಿದ್ದೆ, ಈ ಬೇಸಿಗೆಯಲ್ಲಿ ಒಂದು ಬುಧವಾರ ಅಲ್ಲಿಗೆ ಹೋಗುವವರೆಗೆ. ಹೋದಾಗ ಮನೆಗೆ ಬೀಗ ಹಾಕಿತ್ತು. ಹೂವಿನ ಕೆಲಸ ಇಲ್ಲದ ದಿನ ಎಂದು ಬ್ಯಾಂಕು, ಆಸ್ಪತ್ರೆ, ರೇಷನ್ ಅಂಗಡಿ ಎಲ್ಲವನ್ನೂ ಬುಧವಾರಕ್ಕೇ ಇಟ್ಟುಕೊಂಡಿದ್ದರು. ನಾನು ಮೆಟ್ಟಿಲಿನ ಮೇಲೆ ಕೂತು ಕಾದೆ. ಇಳಿಹೊತ್ತಿಗೆ ಪೂರ್ಣಿಮಾ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದಳು. ಚೀಲ ಇಟ್ಟು, ನನ್ನ ಪಕ್ಕದಲ್ಲಿ ಅರ್ಧ ಕೂತು, ಅರಳಲು ಶುರುವಾದ ಗಿಡಗಳನ್ನು ನೋಡಿದಳು.

"ಅತ್ತೆ, ಈ ಹರಕೆ ಎಂತಕ್ಕೆ ಅಂತ ಮಾವನಿಗೂ ಗುತ್ತಿಲ್ಲ, ಇವ್ರಿಗೂ ಗುತ್ತಿಲ್ಲ. ನಿಮ್ಗೆ ಗುತ್ತಿದ್ರೆ ಹೇಳಿ. ಪಾತ್ರಿ ಕರ್ಸಿ ಕೋಳಿ ಕೊಟ್ಟು ಮುಗಿಸ್ವ. ಬುಧವಾರ ಇದನ್ನೆಲ್ಲ ನೋಡಿದ್ರೆ ಹೊಟ್ಟೆ ಉರೀತದೆ."

ಹೇಳಿದರೆ ಬುಧವಾರ ಹೋಗಬಹುದು. ಹೇಳದಿದ್ದರೆ ಅದು ಬರೀ ಹೆದರಿಕೆಯಾಗಿ ಉಳಿಯುತ್ತದೆ, ಮತ್ತು ಆ ಹೆದರಿಕೆಯಲ್ಲಿ ಅಬ್ಬೆ ಎಲ್ಲೂ ಇಲ್ಲ. ನಾನು ಗಿಡಗಳತ್ತ ನೋಡುತ್ತಿದ್ದೆ.

"ತಲೆ ಬಾಚೂಕೆ," ಎಂದೆ.

"ಎಂತ? ಯಾರ ತಲೆ?"

"ನಂದು."

ಅವಳು ನನ್ನ ಕತ್ತರಿಸಿದ ಬಿಳಿ ಕೂದಲನ್ನು ನೋಡಿದಳು. "ಇದ್ರಲ್ಲಿ ಬಾಚೂಕೆ ಎಂತ ಉಳಿದದೆ ಅತ್ತೆ?" ಎಂದು ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಅವಳಿಗೆ ಎಲ್ಲ ಹೇಳಿದೆ: ಕಡುಬು, ಹುಡುಗಿ ಬಾವಿ ಮುಟ್ಟದ ಹಾಡು, ಪಾತ್ರಿಯ ಮಾತು, ಅಕ್ಕನ ಪ್ರಕಾರದ ಪಾತ್ರಿಯ ಮಾತು. ಇಲ್ಲಿ ಅವಳು ತನ್ನ ಮಗಳನ್ನು ಕರೆದು ತಲೆ ಬಾಚಿದಳು ಎಂದು ಬರೆದರೆ ಚೆನ್ನಾಗಿರುತ್ತದೆ. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಪೂರ್ಣಿಮಾ ಫೋನ್ ತೆಗೆದು ಯಾವುದೋ ಸಂದೇಶ ನೋಡಿ ಮತ್ತೆ ಒಳಗಿಟ್ಟಳು. ಕೋಳಿಯ ವಿಷಯ ಆಮೇಲೆ ನೋಡುವ ಎಂದಳು. ಅದರ ಅರ್ಥ ಏನೆಂದು ನಾನು ಕೇಳಲಿಲ್ಲ.

ಹೆದ್ದಾರಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಮೊಗ್ಗುಗಳು ಆಗಷ್ಟೇ ಒಡೆಯುತ್ತಿದ್ದವು. ವಾಸನೆ ಇನ್ನೂ ಮೆಟ್ಟಿಲವರೆಗೆ ಬಂದಿರಲಿಲ್ಲ.

"ಅತ್ತೆ, ಕುಮಟೆ ಬಸ್ಸು. ಏಳಿ, ಓಡಿದ್ರೆ ಸಿಕ್ತದೆ."

"ಹೋಗ್ಲಿ."

ಅವಳು ನನ್ನನ್ನು ನೋಡಿದಳು, ಚೀಲಗಳನ್ನು ನೋಡಿದಳು, ಬಾವಿಕಟ್ಟೆಯವರೆಗೂ ಬೆಳ್ಳಗಾಗುತ್ತಿದ್ದ ಅಂಗಳವನ್ನು ನೋಡಿದಳು. ಬಸ್ಸಿನ ಸದ್ದು ಉತ್ತರಕ್ಕೆ ಹೋಯಿತು.

"ಆತು ಹಂಗಾರೆ, ಚಾ ಮಾಡ್ತೆ," ಎಂದಳು ಪೂರ್ಣಿಮಾ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಕಾಲು ಚಾಚಿ, ಮೆಟ್ಟಿಲಿನ ಮೇಲೆ ಪೂರ್ತಿ ಕೂತಳು. ಚಾ ಮಾಡಲು ಏಳಲಿಲ್ಲ.